ಬೋಟಿನ ಹೆಸರೇ ಪಾಸ್‌ವರ್ಡ್

ಬೋಳಾರದ ಗಿರಿಯಪ್ಪ ಕೂತಲ್ಲಿ ಕೂರುವ ಮನುಷ್ಯನಲ್ಲ. ಆ ವಾರವಂತೂ ನಿಂತಲ್ಲೂ ನಿಲ್ಲಲಿಲ್ಲ. ಇಡೀ ಆಯುಷ್ಯ ಬೋಟು ನಡೆಸಿ ಕಂಡುಕೊಂಡ ಸಮುದ್ರದಡಿಯ ಬಂಡೆಗಳ ಗುರುತುಗಳು ಅವನ ಫೋನಿನ ಮ್ಯಾಪಿನಲ್ಲಿದ್ದವು. ಮೀನು ಸೇರುವುದು ಅಲ್ಲೇ. ಆ ಜಾಗಗಳನ್ನು ಹೆಂಡತಿ ಅಕ್ಕುವಿಗೂ ಹೇಳಿದವನಲ್ಲ. ಈಗ ಹೋದಲ್ಲೆಲ್ಲ ಬೇರೆ ಬೋಟುಗಳು ಮೊದಲೇ ಬಲೆ ಬಿಟ್ಟಿರುತ್ತಿದ್ದವು.

ಬಾಯಿಬಿಟ್ಟವನು ಜಯನೇ ಎಂದು ತೀರ್ಮಾನಿಸಿಬಿಟ್ಟ. ಬೋಟಿನಲ್ಲಿ ಮೊದಲಿನಿಂದಲೂ ಜೊತೆಗೆ ದುಡಿದ ಜಯನಿಗಲ್ಲದೆ ಆ ಜಾಗ ಇನ್ಯಾರಿಗೆ ಗೊತ್ತು? ಬೋಟುಗಳು ನಿಲ್ಲುವ ಧಕ್ಕೆಯಲ್ಲಿ ಎಲ್ಲರ ಮುಂದೆ, "ಇನ್ನು ನನ್ನ ಬೋಟಿಗೆ ಕಾಲಿಡ್ಬೇಡ" ಎಂದ. ಜಯ ಮರುಮಾತಾಡದೆ ಬುತ್ತಿ ಎತ್ತಿಕೊಂಡು ಹೋದ. ಅದೇ ಗಿರಿಯಪ್ಪನನ್ನು ಕೊರೆಯತೊಡಗಿತು. ಕಳ್ಳನಾದವನು ಒಂದು ಜಗಳವಾದರೂ ಆಡಬೇಡವೇ? ಊಟಕ್ಕೆ ಕೂತರೆ ಅರ್ಧಕ್ಕೆ ಏಳುವುದು, ಅಂಗಳಕ್ಕೆ ಹೋಗಿ ಬರುವುದು, ಫೋನ್ ತೆಗೆಯುವುದು, ಇಡುವುದು. ನೋಡಿದವರಿಗೇ ತಲೆ ತಿರುಗುತ್ತಿತ್ತು.

ಕೊನೆಗೆ ಮಗಳು ಮೋಕ್ಷಾ ಫೋನ್ ಕಿತ್ತುಕೊಂಡು ನೋಡಿದಳು. ಯಾವುದೋ ಅಪರಿಚಿತ ಫೋನಿನಿಂದ ಯಾರೋ ಅವನ ಮ್ಯಾಪಿನ ಅಕೌಂಟಿನೊಳಗೆ ಹೊಕ್ಕಿದ್ದರು.

"ಪಾಸ್‌ವರ್ಡ್ ಎಂತ ಅಪ್ಪ?"

"ಕಡಲಮುತ್ತು. ಬೋಟಿನ ಹೆಸರು. ಮರೆತು ಹೋಗುವುದಿಲ್ಲ ಅಲ್ವಾ?"

"ಯಾರಿಗೂ ಮರೆಯುವುದಿಲ್ಲ! ಅಷ್ಟು ದೊಡ್ಡದಾಗಿ ಬರೆಸಿದ್ದೀರಿ ಮಾರಾಯ್ರೆ!"

ಬರೆಸಿದ್ದ. ಬೋಟಿನ ಒಂದು ಬದಿಗೆ ಕನ್ನಡದಲ್ಲಿ, ಇನ್ನೊಂದು ಬದಿಗೆ ಇಂಗ್ಲಿಷಿನಲ್ಲಿ, ವರ್ಷ ವರ್ಷ ಹೊಸ ಕೆಂಪು ಬಣ್ಣ ಬಳಿಸಿ. ಕೆಳಗೆ ಮೀನು ಕೊಳ್ಳುವವರಿಗೆಂದು ಫೋನ್ ನಂಬರು. ಅಕೌಂಟಿದ್ದದ್ದೂ ಅದೇ ನಂಬರಿನಲ್ಲಿ. ಕೀಲಿಕೈಯನ್ನು ಬಾಗಿಲಿಗೇ ನೇತುಹಾಕಿ ಬೇರೆಯವನನ್ನು ಕಳ್ಳನೆಂದ ತನ್ನ ಬುದ್ಧಿಗೆ ಅವನಿಗೇ ನಾಚಿಕೆಯಾಯಿತು.

ಮೋಕ್ಷಾ ಬೋಟಿಗೂ ಮನೆಗೂ ಸಂಬಂಧವಿಲ್ಲದ ನಾಲ್ಕಾರು ಪದ ಸೇರಿಸಿ ಉದ್ದದ ಪಾಸ್‌ವರ್ಡ್ ಹಾಕಿಸಿದಳು. "ನಿಮ್ಮ ಫೋನ್ ನೀರಿಗೆ ಬಿದ್ರೆ ಅಕೌಂಟ್ ವಾಪಸ್ ಸಿಗ್ಲಿಕ್ಕೆ ನಂಬಿಕೆಯವರದ್ದು ಒಂದು ನಂಬರ್ ಕೊಡ್ಬೇಕು. ನಂದು ಹಾಕ್ಲಾ?"

ಗಿರಿಯಪ್ಪ ಅಂಗಳಕ್ಕೆ ಹೋದ, ತಿರುಗಿ ಬಂದ.

"ಬೇಡ. ಜಯಂದು ಹಾಕು."

ಒಟಿಪಿ ಜಯನ ಫೋನಿಗೆ ಹೋಯಿತು. ಇನ್ನು ಅವನೇ ಅದನ್ನು ಓದಿ ಹೇಳಬೇಕು. ಗಿರಿಯಪ್ಪ ಅವನಿಗೆ ಫೋನ್ ಮಾಡಿ, ನಿಂತುಕೊಂಡೇ, ಬೋಟಿನ ಹೆಸರಿನ ಕಥೆಯನ್ನೆಲ್ಲ ತೊದಲುತ್ತ ಹೇಳಿದ. ತಪ್ಪಾಯಿತು ಎಂದ.

"ನಂಬರ್ ಬಂತು ಅಣ್ಣ," ಎಂದ ಜಯ. "ಯಾರಿಗೂ ಹೇಳ್ಬೇಡಿ ಅಂತ ಉಂಟು ಇದರಲ್ಲಿ. ನಾನು ಯಾವತ್ತೂ ಯಾರಿಗೂ ಹೇಳಿದವನಲ್ಲ. ನಿಮಗೆ ಹೇಳ್ಬಹುದಾ?"