ಬರಿಗಣ್ಣಿಗೆ ಕಂಡ ಗುರುವಿನ ಚಂದ್ರ

ಸೀರೆಯ ಎಳೆ ಎಣಿಸಿ ಕಸೂತಿ ಹಾಕುವ ಹುಸೇನಬಿಗೆ ಓದಲು ಬರುತ್ತಿರಲಿಲ್ಲ. ಅದರಿಂದಲೋ ಏನೋ, ಅವಳ ಕಣ್ಣುಗಳು ಚೆನ್ನಾಗಿದ್ದವು. ಮಾಳಮಡ್ಡಿಯ ರಮಾಕಾಂತ ಮಾಸ್ತರರು ಬಹಳ ಓದಿದವರು. ಕನ್ನಡಕ ತೆಗೆದರೆ ಹೆಂಡತಿ ಗೋದಾಬಾಯಿ ಯಾರು, ಪಡಸಾಲೆಯ ಕಂಬ ಯಾವುದು ಎಂದು ಅವರಿಗೆ ತಿಳಿಯುತ್ತಿರಲಿಲ್ಲ.

1932ರ ಬೇಸಿಗೆಯಲ್ಲಿ ಮಾಸ್ತರರು ವಿಲಾಯತಿಯಿಂದ ದುರ್ಬೀನು ತರಿಸಿದರು. ಒಂದು ಮುಸ್ಸಂಜೆ ಸೀರೆ ಕೊಡಲು ಬಂದ ಹುಸೇನಬಿ, ಅಂಗಳದಲ್ಲಿ, ಮಾಳಿಗೆಯ ಅಂಚುಗೋಡೆಯಾದ ಕುಂಬಿಯ ಹಿಂದೆ ಗುರುಗ್ರಹದ ಝಳ ಮರೆಯಾಗುವಂತೆ ನಿಂತು ಆಕಾಶ ನೋಡಿದಳು.

“ರಾಯರ, ದೊಡ್ಡ ಚುಕ್ಕಿ ಮಗ್ಗಲಾಗ ಸಣ್ಣದೊಂದೈತಲ್ರಿ, ಅದೇನ್ರಿ?”

ಮಾಸ್ತರರು ನಕ್ಕರು. “ಅದು ಗ್ಯಾನಿಮೀಡ್. ಗುರುವಿನ ಎಲ್ಲಾಕಿಂತ ದೊಡ್ಡ ಚಂದ್ರ. ದುರ್ಬೀನಿಲ್ಲದ ಕಾಣೂದಿಲ್ಲಂತ ಪುಸ್ತಕದಾಗ ಬರದದ.”

“ಬರದವ್ರು ಈ ಕುಂಬಿ ಕೆಳಗ ನಿಂತು ನೋಡ್ಯಾರೇನ್ರಿ?”

ಎರಡು ವಾರ ಪರೀಕ್ಷೆ ನಡೆಯಿತು. ಚುಕ್ಕೆ ಯಾವ ಮಗ್ಗುಲಿಗಿದೆ ಎಂದು ಅವಳು ಮೊದಲು ಹೇಳಬೇಕು, ಆಮೇಲೆ ಇವರು ದುರ್ಬೀನಿನಲ್ಲಿ ನೋಡಬೇಕು. ಒಮ್ಮೆಯೂ ತಪ್ಪಲಿಲ್ಲ. “ಸಂತಿಗೆ ಬಂದ್ಹಂಗ ಬರತೈತ್ರಿ. ಮಂಗಳಾರಕ್ಕೊಮ್ಮೆ ಮೂಡಲಕ್ಕ” ಎಂದಳು.

ಮಾಸ್ತರರು ಊರಲ್ಲಿ ಭಾಷಣ ಮಾಡಿದರು. ಗ್ಯಾನಿಮೀಡ್ ಬರಿಗಣ್ಣಿಗೆ ಕಾಣುತ್ತದೆ, ನಮ್ಮ ಮನೆಯಲ್ಲೇ ಕಂಡಿದೆ ಎಂದರು. ಕಂಡವರು ಮಾಸ್ತರರೇ ಎಂದು ಜನ ತಿಳಿದು ಹಾರ ಹಾಕಿದರು. ಹಾರ ಹಾಕಿಸಿಕೊಳ್ಳುವಾಗ ಮಾತನಾಡುವುದು ಸಭ್ಯತೆಯಲ್ಲವೆಂದು ಅವರು ಸುಮ್ಮನಿದ್ದರು.

ಸುದ್ದಿ ಕೇಳಿ ಪುಣೆಯಿಂದ ಪ್ರೊಫೆಸರರೊಬ್ಬರು ಬಂದರು, ಅದೂ ಗುರುವಾರವೇ. “ಎಲ್ಲಿ, ಕನ್ನಡಕ ತೆಗೆದು ತೋರಿಸಿ” ಎಂದರು. ಮಾಸ್ತರರು ಕನ್ನಡಕ ತೆಗೆದು, ಪಕ್ಕದ ಮನೆಯ ಮಾಳಿಗೆಯ ಮೇಲಿದ್ದ ಕಂದೀಲಿನತ್ತ ಬಹಳ ಗಂಭೀರವಾಗಿ ಕೈ ತೋರಿದರು.

ಗೋದಾಬಾಯಿಗೆ ತಡೆಯಲಾಗಲಿಲ್ಲ, ಅಂಗಳದಲ್ಲೇ ನಿಂತಿದ್ದ ಹುಸೇನಬಿಯತ್ತ ತಿರುಗಿದರು. “ಹುಸೇನಬಿ, ನೀನರ ಹೇಳ ನಮ್ಮವ್ವಾ!”

“ಇವತ್ತ ಕಾಣೂದಿಲ್ರಿ ಸಾಹೇಬ್ರ. ದೊಡ್ಡ ಚುಕ್ಕಿಯೊಳಗ ಹೊಕ್ಕೇತಿ. ಮಂಗಳಾರ ಬರ್ರಿ.”

ಪ್ರೊಫೆಸರರು ತಮ್ಮ ಕೋಷ್ಟಕ ತೆರೆದರು. ಆ ಹೊತ್ತಿಗೆ ಗ್ಯಾನಿಮೀಡ್ ಗುರುವಿನ ಮುಖದ ಮೇಲೆಯೇ ಹಾಯುತ್ತಿತ್ತು. ಅವರು ಮಂಗಳವಾರದವರೆಗೆ ಉಳಿದು, ಅವಳು ಹೇಳಿದ್ದನ್ನು ದುರ್ಬೀನಿನಲ್ಲಿ ನೋಡಿ, ಬರೆದುಕೊಂಡು ಹೋದರು.

ಎರಡು ತಿಂಗಳಿಗೆ ಪ್ರೊಫೆಸರರ ಲೇಖನವಿದ್ದ ಪತ್ರಿಕೆ ಬಂತು. ಗೋದಾಬಾಯಿ ಹುಸೇನಬಿಗೆ ಓದಿ ಹೇಳಿದರು: ಶ್ರೀ ರಮಾಕಾಂತ, ಬಿ.ಎ., ಇವರ ಅಂಗಳದಲ್ಲಿ ಒಬ್ಬ ಹೆಂಗಸಿಗೆ ಚಂದ್ರ ಕಂಡಿತು.

“ನನ್ನ ಹೆಸರ್ರೀ?”

“ಇಲ್ಲವಾ.”

“ಇರ್ಲಿ ಬಿಡ್ರಿ. ಅಂಗಳಕ್ಕರ ಹೆಸರ ಬಂತಲ್ಲ.”

ಗೋದಾಬಾಯಿ ಬಿಡಲಿಲ್ಲ. ಗಂಡನಿಗೆ ಹೇಳದೆ, ದುಂಡಕ್ಷರದಲ್ಲಿ ಹೆಸರು ಬರೆದು ಸಂಪಾದಕರಿಗೆ ಕಾರ್ಡು ಹಾಕಿದರು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬಂತು. ಚಂದ್ರನನ್ನು ಕಂಡವರು ಹೆಂಗಸಲ್ಲ, ಶ್ರೀ ಹುಸೇನಸಾಬ, ತಪ್ಪಿಗಾಗಿ ವಿಷಾದಿಸುತ್ತೇವೆ.