ಉಂಡೆ ರೈಲಿನಲ್ಲಿ, ತೋಳು ಪ್ಲಾಟ್‌ಫಾರ್ಮಿನಲ್ಲಿ

ಕಳೆದ ಶುಕ್ರವಾರ ಬೆಳಿಗ್ಗೆ ನಾನು ಮಾಟುಂಗ ರೋಡ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದೆ. ಕೈಯಲ್ಲಿ ಅರ್ಧ ಹೆಣೆದ ಸ್ವೆಟರ್ ತೋಳು. ಅದರ ಉಲನ್ ಉಂಡೆ ಲೋಕಲ್‌ನ ಒಳಗೆ, ಆಗಷ್ಟೇ ನಾನು ಬಿಟ್ಟೆದ್ದ ಸೀಟಿನ ಕೆಳಗೆ. ಎರಡರ ನಡುವೆ ಕೆನೆ ಬಣ್ಣದ ಒಂದೆಳೆ ದಾರ.

ಲೋಕಲ್ ಹೊರಟಿತು.

ಇದನ್ನು ಬರೆಯುವಾಗಲೂ ಎದೆ ಹೊಡೆದುಕೊಳ್ಳುತ್ತಿದೆ. ಭಯಕ್ಕೋ, ಖುಷಿಗೋ? ಎರಡಕ್ಕೂ. ಅದಕ್ಕೇ ಅವಸರ ಮಾಡದೆ, ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ನಿಮಗೆ ಗೊತ್ತಿರುವಂತೆ ನಾನು ಗಣಿತದ ಟೀಚರ್. ಮನೆ ದಹಿಸರ್‌ನಲ್ಲಿ, ಶಾಲೆ ಮಾಟುಂಗದಲ್ಲಿ. ಎಲ್ಲಿ ಹೋದರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಮೇಡಮ್, ಕ್ಲಾಸು, ಪೇಪರ್ ತಿದ್ದೋದು, ಮನೆ. ಇದರ ಮಧ್ಯೆ ಹೆಣಿಗೆಗೂ ಓದಿಗೂ ಟೈಮ್ ಎಲ್ಲಿ ಸಿಗುತ್ತೆ?"

ಲೋಕಲ್‌ನಲ್ಲಿ ಸಿಗುತ್ತದೆ. ಬೇರೆಲ್ಲೂ ಇಲ್ಲ.

ವಿರಾರ್‌ನಿಂದ ತುಂಬಿ ಬರುವ ಗಾಡಿಯಲ್ಲಿ ದಹಿಸರ್‌ನವರಿಗೆ ಒಂದು ಕಾಲಿಡಲು ಜಾಗ ಸಿಕ್ಕರೆ ಪುಣ್ಯ. (ಇನ್ನೊಂದು ಕಾಲು ಬೋರಿವಲಿ ದಾಟಿದ ಮೇಲೆ ಒಳಗೆ ಬರುತ್ತದೆ.) ಹಾಗಾಗಿ ನಾನು ರಿಕ್ಷಾ ಹಿಡಿದು ಬೋರಿವಲಿಗೆ ಹೋಗಿ, ಅಲ್ಲಿಂದಲೇ ಹೊರಡುವ ಸ್ಲೋ ಲೋಕಲ್ ಹತ್ತುತ್ತೇನೆ. ಲೇಡೀಸ್ ಡಬ್ಬಾದಲ್ಲಿ ಸೀಟು ಸಿಗುತ್ತದೆ. ಕೂತ ಕೂಡಲೇ ಪುಸ್ತಕ ತೊಡೆಯ ಮೇಲೆ, ಪುಟ ಹಾರದಂತೆ ಬಟ್ಟೆ ಒಣಹಾಕುವ ಕ್ಲಿಪ್. ಕಡ್ಡಿಗಳು ಕೈಯಲ್ಲಿ. ಕಣ್ಣು ಪುಸ್ತಕಕ್ಕೆ, ಬೆರಳು ಹೆಣಿಗೆಗೆ, ಕಿವಿ ಅನೌನ್ಸ್‌ಮೆಂಟಿಗೆ.

ಕಿವಿಗೇಕೆ ಕೆಲಸ? ಹೇಳುತ್ತೇನೆ. ಸ್ವೆಟರಿನ ತೋಳನ್ನು ಭುಜದಿಂದ ಮಣಿಕಟ್ಟಿನ ಕಡೆಗೆ ಹೆಣೆಯುವಾಗ ಅದು ಸ್ವಲ್ಪ ಸ್ವಲ್ಪವೇ ಕಿರಿದಾಗಬೇಕು. ಆಗಾಗ ಸಾಲಿನ ಎರಡೂ ತುದಿಯಲ್ಲಿ ಒಂದೊಂದು ಕುಣಿಕೆ ಕಡಿಮೆ ಮಾಡಬೇಕು. ಆಗಾಗ ಎಂದರೆ ಯಾವಾಗ? ಎಣಿಸುತ್ತ ಕೂತರೆ ಓದು ಕೆಟ್ಟಿತು. ನಾನು ಎಣಿಸುವುದಿಲ್ಲ. "ಅಗಲಾ ಸ್ಟೇಷನ್ ಮಲಾಡ್", ಮುಂದಿನ ಸ್ಟೇಷನ್ ಮಲಾಡ್, ಎಂದು ಗಾಡಿ ಹೇಳಿದಾಗ ಒಮ್ಮೆ ಕಡಿಮೆ ಮಾಡುತ್ತೇನೆ. "ಅಗಲಾ ಸ್ಟೇಷನ್ ಗೋರೆಗಾಂವ್" ಎಂದಾಗ ಮತ್ತೊಮ್ಮೆ. ನನ್ನ ಪರವಾಗಿ ರೈಲೇ ಎಣಿಸುತ್ತದೆ. ಇಂಥ ಬುದ್ಧಿವಂತಿಕೆ ಯಾರಿಗುಂಟು ಎಂದು ಎಷ್ಟೋ ಸಲ ಬೀಗಿದ್ದೇನೆ.

ಈ ಸ್ವೆಟರ್ ಶಾಂತಕ್ಕನಿಗೆ. ನಮ್ಮ ಶಾಲೆಯ ಹಿರಿಯ ಟೀಚರ್. ಶನಿವಾರ ಅವರ ಬೀಳ್ಕೊಡುಗೆ, ಭಾನುವಾರ ಅವರು ಬೆಳಗಾವಿಗೆ, ತಂಗಿಯ ಮನೆಗೆ, ಇನ್ನು ಅಲ್ಲೇ ಇರಲು. (ಮುಂಬಯಿಯಲ್ಲಿ ಸ್ವೆಟರ್ ಯಾರು ಹಾಕುತ್ತಾರೆ ಎಂದು ಕೇಳಲು ಹೊರಟಿದ್ದಿರಿ ತಾನೇ? ಬೆಳಗಾವಿಯಲ್ಲಿ ಹಾಕುತ್ತಾರೆ.) ಸ್ಟಾಫ್ ರೂಮಿನಲ್ಲಿ ಯಾರಿಗೆ ಮಗು ಹುಟ್ಟಿದರೂ ಟೋಪಿ, ಕಾಲುಚೀಲ ಶಾಂತಕ್ಕನದು. ಹೊಸದಾಗಿ ಸೇರಿದಾಗ, ಕ್ಲಾಸಿನ ಗದ್ದಲಕ್ಕೆ ಬೆದರಿ ಬಂದು ಕೂತಿದ್ದ ನನಗೆ ಕಡ್ಡಿ ಕೊಟ್ಟು ಕಲಿಸಿದವರೂ ಅವರೇ. ಈಗ ಬೆರಳ ಗಂಟುಗಳಲ್ಲಿ ನೋವು. ಕಡ್ಡಿ ಹಿಡಿಯುವುದನ್ನು ಬಿಟ್ಟಿದ್ದಾರೆ.

ಒಮ್ಮೆ ಟೀ ಕುಡಿಯುತ್ತ ನಗುತ್ತಲೇ ಅಂದಿದ್ದರು, "ಇಷ್ಟ ಮಂದಿಗೆ ಹೆಣದೆ ನೋಡ. ನನಗಂತ ಒಬ್ಬರೂ ಒಂದ ಟೊಪಗಿ ಹೆಣೀಲಿಲ್ಲ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಅಂದೇ ಸಂಜೆ ಉಲನ್ ಕೊಂಡೆ.

ಬೆನ್ನು, ಎದೆ, ಬಲತೋಳು ಎಲ್ಲ ಚೆನ್ನಾಗಿಯೇ ಮುಗಿದವು. ಎಡತೋಳು ಶುರುವಾಗುವ ಹೊತ್ತಿಗೆ ಎರಡು ಸಂಗತಿ ಒಟ್ಟಿಗೆ ಒದಗಿದವು. ಒಂದು, ಹಳಿಯ ಕೆಲಸಕ್ಕೆಂದು ನಮ್ಮ ಸ್ಲೋ ಗಾಡಿಯನ್ನು ಕಾಂದಿವಲಿಯಿಂದ ಅಂಧೇರಿಯವರೆಗೆ ಫಾಸ್ಟ್ ಹಳಿಗೆ ಹಾಕಿದರು. ಅದು ನಡುವಿನ ಕೆಲವು ಸ್ಟೇಷನ್ನುಗಳಲ್ಲಿ ನಿಲ್ಲದೆ ಓಡತೊಡಗಿತು. ಇನ್ನೊಂದು, ಲೈಬ್ರರಿಯಿಂದ ಒಂದು ಪತ್ತೇದಾರಿ ಕಾದಂಬರಿ ತಂದೆ. ಮದುವೆಯ ದಿನ, ಮಂಟಪದಿಂದಲೇ ಗಂಡಿನ ತಾಯಿ ಕಾಣೆ! ಬೀಗಿತ್ತಿ ಎಲ್ಲಿ ಹೋದಳು? ಅರ್ಧ ಪುಸ್ತಕ ಕಳೆದರೂ ಸುಳಿವಿಲ್ಲ. ಇಂಥದ್ದನ್ನು ಓದುವಾಗ ಯಾವ ಸ್ಟೇಷನ್ ಬಂತು, ಯಾವುದು ಬರಲಿಲ್ಲ ಎಂದು ಯಾರು ನೋಡುತ್ತಾರೆ? ಶಾಲೆಗೆ ಬೇಗ ತಲುಪುತ್ತಿದ್ದೇನೆ ಎಂದು ಖುಷಿಯಾಗಿದ್ದೆ.

ಗುರುವಾರ ಸಂಜೆ ಮನೆಯಲ್ಲಿ ಎರಡು ತೋಳುಗಳನ್ನು ಒಂದರ ಮೇಲೊಂದು ಇಟ್ಟೆ.

ಬಲತೋಳು ತೋಳಿನಂತಿತ್ತು. ಎಡತೋಳು ದಿಂಬಿನ ಗವಸಿನಂತಿತ್ತು. ನಿಲ್ಲದ ಸ್ಟೇಷನ್ನಿಗೆ ಅನೌನ್ಸ್‌ಮೆಂಟ್ ಇಲ್ಲ. ಅನೌನ್ಸ್‌ಮೆಂಟ್ ಇಲ್ಲದೆ ನಾನು ಕುಣಿಕೆ ಕಡಿಮೆ ಮಾಡಿಲ್ಲ. ಬಲತೋಳು ಸ್ಲೋ ಲೋಕಲ್, ಎಡತೋಳು ಫಾಸ್ಟ್ ಲೋಕಲ್! (ನಾನು ಗಣಿತದ ಟೀಚರ್ ಎಂದೆನಲ್ಲ, ನಗಬೇಡಿ.)

ನಮ್ಮ ಮನೆಯವರು ಬಂದು ನೋಡಿದರು. "ಏನೂ ಆಗಂಗಿಲ್ಲ ಬಿಡ. ಆ ತೋಳಿನ್ಯಾಗ ಶಾಂತಾ ಮೇಡಮ್ಮು ಕೈ ಹಾಕ್ಲಿ. ಜಾಗಾ ಉಳೀತೈತಿ, ನೀನೂ ಹಾಕು."

ಅರ್ಧ ತೋಳು ಬಿಚ್ಚಿ, ಉಲನ್ ಮತ್ತೆ ಉಂಡೆ ಸುತ್ತಿದೆ. ಉಳಿದದ್ದು ಒಂದೇ ದಿನ. ಶಾಂತಕ್ಕನ ಕಣ್ಣು ಹೇಗೆಂದರೆ, ಬಾಗಿಲಲ್ಲಿ ನಿಂತವರ ಸ್ವೆಟರಿನಲ್ಲಿ ಜಾರಿದ ಕುಣಿಕೆಯನ್ನು ಕುರ್ಚಿಯಲ್ಲಿ ಕೂತೇ ಹೇಳುತ್ತಾರೆ. ಜೀವಮಾನದಲ್ಲಿ ಅವರಿಗೆಂದು ಹೆಣೆದ ಒಂದೇ ಸ್ವೆಟರನ್ನು ದಿಂಬಿನ ಗವಸಿನ ಜೊತೆ ಕೊಡುವುದೇ?

ಶುಕ್ರವಾರ ಬೆಳಿಗ್ಗೆ ಪುಸ್ತಕ ಬ್ಯಾಗಿನಲ್ಲೇ ಉಳಿಯಿತು. ಕಣ್ಣು, ಕೈ, ಎಣಿಕೆ ಎಲ್ಲ ತೋಳಿಗೆ. ಕಾಂದಿವಲಿಯಲ್ಲಿ ಎಂದಿನ ಹೆಂಗಸು ಹತ್ತಿ ನನ್ನ ಸೀಟಿನ ಪಕ್ಕ ಬಂದು ನಿಂತರು.

ಈ ಹೆಂಗಸಿನ ಬಗ್ಗೆ ಹೇಳಬೇಕು. ಲೋಕಲ್‌ನಲ್ಲಿ ಸೀಟು ಬುಕ್ ಮಾಡುವ ಪದ್ಧತಿ ನಿಮಗೆ ಗೊತ್ತೇ ಇದೆ. ಎಲ್ಲಿ ಇಳಿಯುತ್ತೀರಿ ಎಂಬರ್ಥದಲ್ಲಿ ಕೂತವರನ್ನು "ಕಹಾಂ?" ಎಂದು ಕೇಳುವುದು, ಬೇಗ ಇಳಿಯುವವರ ಪಕ್ಕ ನಿಲ್ಲುವುದು. ಅವರು ಮೊದಲ ದಿನ ಕೇಳಿದ್ದರು, "ಆಪ್ ಕಹಾಂ?" ನಾನೆಂದೆ, "ಮಾಟುಂಗಾ. ಆಪ್?" "ದಾದರ್." ಅಷ್ಟೇ ನಮ್ಮ ಪರಿಚಯ. ಮಾಟುಂಗ ಆದ ಮೇಲಿನ ಸ್ಟೇಷನ್ನೇ ದಾದರ್. ನನ್ನ ಸೀಟು ಬುಕ್ ಮಾಡಿದವರಿಗೆ ಕೂತು ಸೆರಗು ಸರಿಮಾಡಿಕೊಳ್ಳುವಷ್ಟೂ ಹೊತ್ತು ಸಿಗದು. ಆದರೂ ಅಂಧೇರಿಯಲ್ಲಿ ಇಳಿಯುವವರನ್ನೆಲ್ಲ ಬಿಟ್ಟು ದಿನವೂ ನನ್ನ ಪಕ್ಕವೇ ನಿಲ್ಲುತ್ತಿದ್ದರು. ಪಾಪ, ಲೆಕ್ಕ ಬರುವುದಿಲ್ಲ ಎಂದುಕೊಂಡಿದ್ದೆ.

ಅಂದು ಅವರು ಬಗ್ಗಿ, ಅಚ್ಚ ವಿಜಯಪುರದ ಕನ್ನಡದಲ್ಲಿ ಕೇಳಿದರು: "ಯಾಕ್ರೀ ಅಕ್ಕೋರ, ಇವತ್ತ ಪುಸ್ತಕ ತಗೀಲಿಲ್ಲ? ಆ ಬೀಗತಿ ಏನಾದ್ಲ?"

ನನ್ನ ಕಡ್ಡಿ ನಿಂತೇ ಹೋಯಿತು. "ನೀವು... ಓದ್ತಿದ್ರೇನು?"

"ಮೊದಲ್ನೇ ಪಾನದಿಂದ ಓದಾಕತ್ತೀನ್ರಿ. ನೀವು ಒಂಚೂರು ಲಗೂನ ಪಾನಾ ತಿರುವ್ತೀರಿ, ಅದೊಂದ ತ್ರಾಸ."

"ಕನ್ನಡ ಬರ್ತದ ಅಂತ ಇಷ್ಟು ದಿನ ಹೇಳಲೇ ಇಲ್ಲಲ್ರೀ!"

"ಮಾತಿಗೆ ಬಿದ್ರ ನೀವು ಪುಸ್ತಕ ಮುಚ್ತೀರಿ. ನನ್ನ ಕಥಿ ಅಲ್ಲೇ ನಿಲ್ತೈತಿ. ಅದಕ್ಕ ಸುಮ್ನ ಇದ್ನಿ."

ಹೆಸರು ಮಹಾದೇವಿ. ದಾದರ್‌ನಲ್ಲಿ ಗಂಡ ಹೆಂಡತಿ ಸೇರಿ ಬೆಡ್‌ಶೀಟಿನ ಅಂಗಡಿ ನಡೆಸುತ್ತಾರೆ. ತೋಳಿನ ಕಥೆ ಹೇಳಿದೆ. ಅವರು ನಗಲಿಲ್ಲ. ಕೈ ಚಾಚಿದರು. "ನೀವು ಹೆಣೀರಿ. ನಾ ಓದ್ತೀನಿ. ಇಬ್ಬರದೂ ಕೆಲಸ ಆಗ್ತೈತಿ."

ಓದಿದರು. ಜೋರಾಗಿ, ನಿಂತುಕೊಂಡು, ಒಂದು ಕೈ ಮೇಲಿನ ಹಿಡಿಕೆಗೆ, ಒಂದು ಕೈಯಲ್ಲಿ ಪುಸ್ತಕ. ಬೀಗರ ಮಾತಿಗೆ ಬೀಗರ ದನಿ, ಇನ್‌ಸ್ಪೆಕ್ಟರ್ ಮಾತಿಗೆ ಇನ್‌ಸ್ಪೆಕ್ಟರ್ ದನಿ. ಎದುರು ಸೀಟಿನಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಗುಜರಾತಿ ಅಕ್ಕ (ಎಲ್ಲರ ಬಾಯಲ್ಲೂ ಅವರು 'ಬೆನ್') ಸೊಪ್ಪು ಕೆಳಗಿಟ್ಟು, ಓಡಿಹೋದದ್ದು ಯಾರೆಂದು ಕೇಳಿದರು. "ಕ್ಯಾ ಹುವಾ? ಕೌನ್ ಭಾಗಾ?"

"ದೂಲ್ಹೇ ಕೀ ಮಾ, ಬೆನ್! ಮಂಡಪ್ ಸೇ ಗಾಯಬ್!" ಗಂಡಿನ ತಾಯಿ ಮಂಟಪದಿಂದ ಕಾಣೆ ಎಂದು ಮಹಾದೇವಿ ಹಿಂದಿಯಲ್ಲಿ ತಿಳಿಸಿದರು.

"ಹಾಯ್ ಹಾಯ್! ಫಿರ್?"

ಆಮೇಲೆ ಒಂದು ಪ್ಯಾರಾ ಕನ್ನಡ, ಒಂದು ಪ್ಯಾರಾ ಹಿಂದಿ. ಸುತ್ತ ನಿಂತವರೆಲ್ಲ ಮೊಬೈಲ್ ಇಳಿಸಿದರು. ನನ್ನ ಕೈ ಎಂದೂ ಓಡದಷ್ಟು ಓಡುತ್ತಿತ್ತು. ಎಣಿಕೆ ತಪ್ಪಲಿಲ್ಲ, ಕಥೆಯೂ ತಪ್ಪಲಿಲ್ಲ. ಎಂಥ ಬೆಳಗು ಅದು!

ಇಳಿಯುವವರು ಒಂದು ಸ್ಟೇಷನ್ ಮೊದಲೇ ಎದ್ದು ಬಾಗಿಲ ಕಡೆ ಸಾಗಬೇಕು. ಇದು ಮುಂಬಯಿಯ ಮಕ್ಕಳಿಗೂ ಗೊತ್ತು. ಮಾಹಿಮ್‌ನಲ್ಲಿ ನಾನು ಏಳಲಿಲ್ಲ. ಇನ್‌ಸ್ಪೆಕ್ಟರ್ ಆಗ ಉಗ್ರಾಣದ ಚಿಲಕಕ್ಕೆ ಕೈ ಹಾಕಿದ್ದ. ಅವನು ಬಾಗಿಲು ತಳ್ಳುವಾಗ ಯಾರೋ "ಮಾಟುಂಗಾ, ಮಾಟುಂಗಾ" ಎಂದರು. ಗಾಡಿ ನಿಂತಿತ್ತು.

ಎದ್ದೆ. ಬ್ಯಾಗ್ ಹೆಗಲಿಗೆ, ತೋಳು ಎದೆಗೆ. ನುಗ್ಗಿದೆ, ಇಳಿದೆ, ತಿರುಗಿ ನೋಡಿದೆ. ದಾರ ಜನರ ಕಾಲುಗಳ ನಡುವಿನಿಂದ ಬಾಗಿಲು ದಾಟಿ ನನ್ನವರೆಗೆ ಬಂದಿತ್ತು. ಆಗಲೇ ಗಾಡಿ ಅಲುಗಿತು.

ದಾರ ಬಿಗಿಯಿತು. ಕಡ್ಡಿಯಿಂದ ಕುಣಿಕೆಗಳು ಜಾರಿದರೆ ತೋಳು ಅಲ್ಲೇ ಬಿಚ್ಚಿಕೊಂಡು ದಾದರ್‌ಗೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಬಾಗಿಲಲ್ಲಿ ನಿಂತವರ ಕಾಲಿಗೆ ಸುತ್ತಿಕೊಂಡರೆ? ನಾನು ಕೂಗಿದೆ. "ಧಾಗಾ!" (ದಾರ!) ಎಂದು ಕೂಗಬೇಕಿತ್ತು. ಬಾಯಿಗೆ ಬಂದದ್ದು "ಶಾಂತಕ್ಕಾ!"

ಒಳಗೆ ಬೆನ್ ಬಗ್ಗಿದ್ದು ಕಂಡಿತು. ಉಂಡೆ ಸೀಟಿನ ಕೆಳಗಿನಿಂದ ಅವರ ಕೈಗೆ, ಅವರ ಕೈಯಿಂದ ಮಹಾದೇವಿಯ ಕೈಗೆ, ಅಲ್ಲಿಂದ ತಲೆಗಳ ಮೇಲೆ ಕೈಯಿಂದ ಕೈಗೆ ಬಂತು. ಬಾಗಿಲಲ್ಲಿದ್ದ ಹೆಂಗಸು ಕಾಲಿನ ದಾರ ಬಿಡಿಸಿ ಎಸೆದು, ಉಂಡೆಯನ್ನು ಬೀಸಿ ಒಗೆದಳು. ಬಿಚ್ಚಿಕೊಳ್ಳುತ್ತ ಅದು ಹಾರಿ ಬಂದು, ಪ್ಲಾಟ್‌ಫಾರ್ಮಿಗೆ ಬಿದ್ದು, ಉರುಳಿ ಬೆಂಚಿನ ಕೆಳಗೆ ಹೋಯಿತು. ಅಷ್ಟು ಜನರಲ್ಲಿ ಒಬ್ಬರೂ ಅದನ್ನು ತುಳಿಯಲಿಲ್ಲ. ಒಬ್ಬರು, ಚೆಂಡು ಎಂದುಕೊಂಡೋ ಏನೋ, ಹೆಕ್ಕಿ ತಂದು ಕೊಟ್ಟರು: "ತಾಈ, ತುಮ್ಚಾ ಬಾಲ್."

ಬೆಂಚಿನ ಮೇಲೆ ಕೂತೆ. ಕುಣಿಕೆ ನೋಡಿದೆ. ಒಂದೂ ಜಾರಿರಲಿಲ್ಲ.

ಇನ್ನು ಮುಂದೆ ಉಂಡೆ ಬ್ಯಾಗಿನೊಳಗೇ ಇರುತ್ತದೆ, ಜಿಪ್ ಹಾಕಿ. ಅದು ಇತ್ಯರ್ಥವಾಯಿತು.

ತೋಳು ಶುಕ್ರವಾರ ಸಂಜೆಯ ಗಾಡಿಯಲ್ಲಿ ಮುಗಿಯಿತು. ಶನಿವಾರ ಸ್ಟಾಫ್ ರೂಮಿನಲ್ಲಿ ಶಾಂತಕ್ಕ ಪೊಟ್ಟಣ ಬಿಚ್ಚಿ, ಮೊದಲು ತೋಳು ಜೋಡಿಸಿದ ಹೊಲಿಗೆಯ ಮೇಲೆ ಬೆರಳಾಡಿಸಿದರು. ಆಮೇಲೆ ಎರಡು ತೋಳನ್ನೂ ಜೊತೆಗಿಟ್ಟು ಅಳೆದರು. ಎಡತೋಳಿನ ತುದಿಯಲ್ಲಿ ಬೆರಳು ನಿಂತಿತು. "ಇದೇನ ಇದು, ಕರ್ರಗ?"

"ಮಾಟುಂಗ ಸ್ಟೇಷನ್," ಎಂದೆ.

ಎಲ್ಲ ಹೇಳಿದೆ. ಶಾಂತಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುಂಬಯಿಯ ಸೆಖೆಯಲ್ಲಿ, ಫ್ಯಾನಿನ ಕೆಳಗೆ, ಸ್ವೆಟರ್ ಹಾಕಿಕೊಂಡೇ ಬೀಳ್ಕೊಡುಗೆಗೆ ಕೂತರು. ಮುಖ್ಯೋಪಾಧ್ಯಾಯರು ಎರಡು ಸಲ ಹೇಳಿದರೂ ತೆಗೆಯಲಿಲ್ಲ. ಹಾರ ಹಾಕಿಸಿಕೊಂಡದ್ದೂ ಅದರ ಮೇಲೆಯೇ. "ಆ ಕರೀ ಕಲಿ ತೊಳೀಲೇನು?" ಎಂದು ನಾನು ಕೇಳಿದ್ದಕ್ಕೆ, "ಮುಟ್ಟಿಗಿಟ್ಟೀ," ಎಂದು ತೋಳು ಹಿಂದಕ್ಕೆಳೆದುಕೊಂಡರು. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು:

"ಅದಿರ್ಲಿ. ಉಗ್ರಾಣದಾಗ ಯಾರಿದ್ರ?"

ನನಗೇನು ಗೊತ್ತು? ಉಂಡೆ ನನ್ನ ಕಡೆ ಬಂತು, ಪುಸ್ತಕ ಮಹಾದೇವಿಯ ಕೈಯಲ್ಲೇ ದಾದರ್‌ಗೆ ಹೋಯಿತು. ಸೋಮವಾರ ಅವರು ಬರಲಿಲ್ಲ. ಮಂಗಳವಾರವೂ ಇಲ್ಲ. ಬೆನ್ ಹೇಳಿದರು, "ಗಾಂವ್ ಗಯೀ. ಶಾದೀ ಹೈ." ಮದುವೆಗೆ ಹೋಗಿ ಕಾಣೆಯಾಗಿದ್ದಾರೆ! ಬೆಳಗಾವಿಯಿಂದ ಶಾಂತಕ್ಕನ ಫೋನ್ ದಿನವೂ ಬರುತ್ತಿದೆ. ಚಳಿಯ ಸುದ್ದಿಯೂ ಇಲ್ಲ, ತಂಗಿಯ ಸುದ್ದಿಯೂ ಇಲ್ಲ. "ಸಿಕ್ಕಳೇನು?" ಅದೊಂದೇ ಪ್ರಶ್ನೆ.

ಮಹಾದೇವಿಯವರೇ, ಈ ಅಂಕಣ ಎಲ್ಲಾದರೂ ನಿಮ್ಮ ಕಣ್ಣಿಗೆ ಬಿದ್ದರೆ (ಪಕ್ಕದವರ ಭುಜದ ಮೇಲಿಂದಾದರೂ ಸರಿ) ಒಂದು ಮಾತು ತಿಳಿಸಿ: ಬೀಗಿತ್ತಿ ಎಲ್ಲಿದ್ದಳು?