‘ಉಂತು’ ಕಲಿಸದ ಹರಿಣಾಕ್ಷಿ

ಕಾಪು ಕಡಲತೀರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮರಳಿನ ಮೇಲೆ ಎಳೆಯ ಲ್ಯಾಬ್ರಡಾರ್ ನಾಯಿಯೊಂದು ಹಿಂಗಾಲೂರಿ ಕುಳಿತಿದೆ. ಅದರ ಕಣ್ಣೆಲ್ಲ ಹರಿಣಾಕ್ಷಿಯವರ ಮುಷ್ಟಿಯ ಮೇಲೆ. ಒಳಗಿರುವುದು ಮುಳ್ಳು ಬಿಡಿಸಿದ ಬೂತಾಯಿ ಮೀನು. ‘ಕುಲ್ಲು’ ಎಂದಾಗ ಕೂತರೆ ಒಂದು ತುಂಡು, ‘ಬಲ’ ಎಂದಾಗ ಓಡಿ ಬಂದರೆ ಇನ್ನೊಂದು. ಪಾಠವೆಲ್ಲ ತುಳುವಿನಲ್ಲೇ.

ನಾಯಿಯನ್ನು ಕರೆತಂದ ಮಣಿಪಾಲದ ಬ್ರ್ಯಾಂಡನ್ ಮೊಬೈಲ್ ಹಿಡಿದು ನಿಂತಿದ್ದಾರೆ. ‘‘ಅಕ್ಕಾ, ಉಂತು ಯಾವಾಗ ಕಲಿಸುವುದು?’’

‘‘ಅದು ನನ್ನಲ್ಲಿಲ್ಲ. ಬೇಕಾದರೆ ಬೇರೆಯವರ ಹತ್ತಿರ ಹೋಗಿ.’’

‘ಉಂತು’ ಎಂದರೆ ನಿಲ್ಲು. ಹೇಳಿದವರು ಮರೆಯಾದರೂ ಅಲುಗದೆ ಕಾಯಬೇಕು. ಅಷ್ಟನ್ನೂ ಕಲಿಸದವರ ಬಳಿಗೆ ನಾಯಿ ತರುವವರು ಯಾರು? ಗಿರಾಕಿಗಳು ಕರಗಿದ್ದಾರೆ. ಪಾಠವಿಲ್ಲದ ದಿನ ಹರಿಣಾಕ್ಷಿ ಮೀನು ಒಣಗಿಸುವ ಕೆಲಸಕ್ಕೆ ಹೋಗುತ್ತಾರೆ.

ಅವರದು ಮೀನು ಮಾರುವ ಮನೆ. ಗಂಡ ತೀರಿಕೊಂಡ ಮೇಲೆ ನಾಯಿ ಸಾಕುವ ಕೇಂದ್ರವೊಂದರಲ್ಲಿ ಗೂಡು ತೊಳೆಯಲು ಸೇರಿದರು. ಅಲ್ಲಿನ ತರಬೇತುದಾರನ ಪಾಠವೆಲ್ಲ ಬೆಲ್ಟಿನದು. ‘‘ನಾಯಿಗಳು ಅವನನ್ನು ಕಂಡರೆ ಉಚ್ಚೆ ಹೊಯ್ಯುತ್ತಿದ್ದವು. ನನ್ನ ಹತ್ತಿರ ಮೀನು ಇತ್ತು. ಹೊಡೆಯದೆಯೂ ಕೂರ್ತಾವೆ ಅಂತ ಗೊತ್ತಾಯ್ತು’’ ಎನ್ನುತ್ತಾರೆ. ಕೇಂದ್ರ ಮುಚ್ಚಿದಾಗ ಸ್ವಂತವಾಗಿ ಕಲಿಸತೊಡಗಿದರು. ಮೀನಿನ ಹೆಂಗಸು ನಾಯಿಗೆ ಮೇಷ್ಟ್ರಾದಳಂತೆ ಎಂದು ನಕ್ಕವರೇ ಆಮೇಲೆ ತಮ್ಮ ನಾಯಿಗಳನ್ನು ತಂದರು.

ಜೂಲಿ ಬಂದದ್ದು ಕುಕ್ಕುಂದೂರಿನ ಒಂದು ದೊಡ್ಡ ಮನೆಯಿಂದ. ಜರ್ಮನ್ ಶೆಫರ್ಡ್, ಆಗಿನ್ನೂ ಮರಿ. ಯಜಮಾನರು ಒಂದು ಹೆಜ್ಜೆ ಸರಿದರೂ ಊಳಿಡುತ್ತಿತ್ತು. ಹರಿಣಾಕ್ಷಿ ಅವರನ್ನು ದೋಣಿಯ ಹಿಂದೆ ಅಡಗಿಸಿ, ಮತ್ತೆ ಮತ್ತೆ ಹೊರಗೆ ಕರೆಸಿ, ನಿಧಾನವಾಗಿ ಅದಕ್ಕೆ ನಿಲ್ಲಲು ಕಲಿಸಿದರು. ‘‘ಹೋದವರು ವಾಪಸು ಬಂದೇ ಬರ್ತಾರೆ ಅಂತ ನಾಯಿಗೆ ನಂಬಿಕೆ ಬರಬೇಕು. ಉಂತು ಅಂದರೆ ಅಷ್ಟೇ, ಬೇರೆ ಎಂತದೂ ಇಲ್ಲ.’’

ಕೆಲವು ವರ್ಷಗಳ ನಂತರ ಜೂಲಿಯ ಸೊಂಟ ಬಿತ್ತು. ಒಂದು ಮಳೆಗಾಲದಲ್ಲಿ ಹಿರಿಯಡ್ಕ ದಾಟಿ ಹೆಬ್ರಿಗೆ ಹೋಗುವ ದಾರಿಯಲ್ಲಿ ಕಾರೊಂದು ನಿಂತಿತು. ಎದುರಿನ ಹೋಟೆಲಿನ ಚಂದು ಅದನ್ನು ನೋಡಿದ್ದಾರೆ. ‘‘ಒಬ್ಬರು ನಾಯಿಯನ್ನು ಇಳಿಸಿ ಎಂತದೋ ಒಂದು ಶಬ್ದ ಹೇಳಿದರು. ಕಾರು ಹೋಯ್ತು. ಮಳೆ ಹೊಡೀತಾ ಇತ್ತು, ಮಾಡಿನ ಅಡಿಗೆ ಕರೆದರೂ ಬರಲಿಲ್ಲ. ಅನ್ನ ಇಟ್ಟರೆ ಮೂಸಲೂ ಇಲ್ಲ.’’

ಮರುದಿನವೂ ಅದು ಅಲ್ಲೇ ಇತ್ತು. ಯಾರೋ ತೆಗೆದ ವಿಡಿಯೊ ವಾಟ್ಸ್ಯಾಪಿನಲ್ಲಿ ಸುತ್ತಿ ಹರಿಣಾಕ್ಷಿಯವರಿಗೂ ತಲುಪಿತು. ಅವರು ಸಿಕ್ಕಿದ ಬಸ್ಸು ಹತ್ತಿ ಹೋಗಿ, ರಸ್ತೆಯ ಈಚೆ ನಿಂತು ‘ಬಲ’ ಎಂದರು. ಜೂಲಿ ಹೊಟ್ಟೆ ಎಳೆದುಕೊಂಡು ಬಂದು ಅವರ ಕಾಲ ಮೇಲೆ ತಲೆಯಿಟ್ಟಿತು.

ಅಲ್ಲಿಂದಲೇ ಯಜಮಾನರಿಗೆ ಫೋನು ಮಾಡಿದರು.

‘‘ಅದು ಓಡಿಹೋಗಿದೆ, ಹುಡುಕಿ ಹುಡುಕಿ ಸಾಕಾಯ್ತು’’ ಎಂದರು ಅವರು.

‘‘ಓಡಿಹೋಗುವ ನಾಯಿ ಅಲ್ಲ ಅದು. ಕಲಿಸಿದ್ದು ನಾನು.’’

ಫೋನು ಕಟ್ಟಾಯಿತು. ಕರೆದೊಯ್ಯಲು ಯಾರೂ ಬರಲಿಲ್ಲ.

ಇದಕ್ಕಿಂತಲೂ ಅವರನ್ನು ಸುಟ್ಟದ್ದು ಆಮೇಲಿನದು. ವಿಡಿಯೊ ಕಂಡವರೆಲ್ಲ ‘ಎಂಥ ನಿಷ್ಠೆ’ ಎಂದು ಕೊಂಡಾಡಿದರು. ನಮ್ಮ ನಾಯಿಯನ್ನೂ ಹಾಗೇ ಮಾಡಿಕೊಡಿ ಎಂದು ಉಡುಪಿ, ಕಾರ್ಕಳಗಳಿಂದ ಫೋನುಗಳು ಬಂದವು. ‘‘ಹೇಗೆ? ರಸ್ತೆ ಬದಿಯಲ್ಲಿ ಬಿಟ್ಟುಹೋದರೂ ಕಾಯುವ ಹಾಗೆಯಾ? ಅದಕ್ಕೆ ನಾನೇ ಬೇಕಾ?’’ ಹೇಳುವಾಗ ಅವರ ದನಿ ಗಡುಸಾಗುತ್ತದೆ. ‘‘ಬೆಲ್ಟಿನವನು ಹೊಡೆದ, ಅಷ್ಟೇ. ನಾನು ನಂಬಿಸಿದೆ.’’

ಜೂಲಿ ಈಗ ಅವರ ಮನೆಯಲ್ಲಿದೆ. ಹಿಂಗಾಲು ಎಳೆಯುತ್ತದೆ, ಮುಖದ ಕೂದಲು ನರೆತಿದೆ. ಹರಿಣಾಕ್ಷಿ ಹೇಳದೆ ಅದು ಬಟ್ಟಲಿಗೆ ಬಾಯಿ ಹಾಕುವುದಿಲ್ಲ, ಹೊಸ್ತಿಲು ದಾಟುವುದಿಲ್ಲ. ಕೆಲಸದಿಂದ ಬರುವುದು ತಡವಾದರೆ ಪಕ್ಕದ ಮನೆಯ ಸುಂದರಿ ಹಾಕಿದ ಅನ್ನದ ಮುಂದೆ ಸುಮ್ಮನೆ ಮಲಗಿರುತ್ತದೆ.

ನಿಮಗೇನು ಆಸೆ ಎಂದು ಕೇಳಿದೆ. ಹರಿಣಾಕ್ಷಿ ಜೂಲಿಯ ಕಿವಿ ಸವರಿದರು.

‘‘ಒಂದು ದಿನ ಇದು ನನ್ನ ಮಾತು ಮೀರಬೇಕು ಮಾರಾಯ್ರೆ. ನಾನಿಲ್ಲದಾಗ ಅಡುಗೆಮನೆಗೆ ನುಗ್ಗಿ, ಪಾತ್ರೆ ಉರುಳಿಸಿ, ಮೀನೆಲ್ಲ ಕದ್ದು ತಿನ್ನಲಿ. ನಾನು ಬೈಯುವುದಿಲ್ಲ.’’